ಹಡ್ಸನ್ ದಂಡೆಯ ಗಚ್ಚಿನ ಕಂಬಗಳು

ಪ್ಲೇನ್ಸ್‌ಬರೋ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಸಾಕು, ‘ನಯಾಗರಾ ನೋಡಿದ್ರೇನ್ರೀ?’ ಎಂದು ಕೇಳುತ್ತಾರೆ. ನೋಡಲಿಲ್ಲ. ಸ್ವಾತಂತ್ರ್ಯದೇವಿಯನ್ನೂ ಟರ್ನ್‌ಪೈಕ್ ಹೆದ್ದಾರಿಯ ಟ್ರಕ್ಕುಗಳ ಸಂದಿಯಿಂದ ಹೆಬ್ಬೆರಳಿನಷ್ಟು ಕಂಡದ್ದು ಅಷ್ಟೇ. ಅಲ್ಲಿದ್ದಷ್ಟು ದಿನದಲ್ಲಿ ನಾನು ಹಠ ಹಿಡಿದು ನೋಡಿದ್ದು ಒಂದೇ ಮನೆ, ಆ ಮನೆಯಲ್ಲೂ ಒಂದೇ ಕೋಣೆ. ಅದನ್ನು ಮಾತ್ರ ಎರಡು ಸಲ ನೋಡಿದೆ.

ನನ್ನ ತಮ್ಮ ಶಂಕರ ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್. ಮನೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ. ಆ ವರ್ಷ ಅವನ ಅಪಾರ್ಟ್‌ಮೆಂಟಿನ ಕನ್ನಡದವರ ಬಾಯಲ್ಲಿ ವೈಟುಕೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಹೊಸ ವರ್ಷದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವಂತೆ, ಅದನ್ನು ಇವರು ತಡೆಯಬೇಕಂತೆ. ತಡೆಯಿರಪ್ಪಾ ಎಂದು ನಾನು ಚಹಾ ಮಾಡಿಕೊಟ್ಟುಕೊಂಡು ಆರಾಮಾಗಿದ್ದೆ. ಹತ್ತನೆಯ ದಿನ ಊರಿನಿಂದ ಫೋನ್ ಬಂತು.

ಮಾತಾಡಿದವರು ಪಾಟೀಲ ವಕೀಲರು. ನಮ್ಮೂರಿನ ದೇಸಾಯರ ವಾಡೆಯನ್ನು, ಕೋಟೆಯಂಥ ಆ ಹಳೆಯ ಮನೆಯನ್ನು, ಈಗ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ, ಇವರು ಅದರ ಕಾರ್ಯದರ್ಶಿ.

“ನಮಸ್ಕಾರ್ರೀ ಅಕ್ಕಾರ. ನಿಮ್ಮ ಹಳೇ ರಿಪೋರ್ಟ್ ಸಿಕ್ತು ನೋಡ್ರಿ. ಭಾಳ ಉಪಕಾರ ಆತು. ಇನ್ನ ಆ ಸೋರೂ ದರಬಾರ ಹಾಲ್ ಕೆಡವಾಕ ಯಾರೂ ತಕರಾರು ಮಾಡಾಂಗಿಲ್ಲ.”

ಯಾವ ರಿಪೋರ್ಟ್ ಎಂದು ಕೇಳಬೇಕಾಗಿರಲಿಲ್ಲ. ಮೂವತ್ತು ವರ್ಷದ ಹಿಂದೆ, ಲೋಕೋಪಯೋಗಿ ಇಲಾಖೆಯಲ್ಲಿ ನಕಾಶೆ ಬರೆಯುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ. ಆ ವಾಡೆಯನ್ನು ಅಳೆದು ನಕಾಶೆ ಬರೆದು ತಾ ಎಂದು ಸಾಹೇಬರು ಕಳಿಸಿದ್ದರು. ದರಬಾರ ಹಾಲಿನಲ್ಲಿ ಎಂಟು ಕಂಬ. ನಸುಗೆಂಪು ಕಲ್ಲು, ಅದರಲ್ಲಿ ಬಿಳಿಯ ನರಗಳು. ಬೆರಳ ಗಂಟಿನಿಂದ ಬಡಿದು ನೋಡಿದೆ, ಟೊಳ್ಳು ಸದ್ದು ಬಂತು. ನನಗೋ ಕಳ್ಳನನ್ನು ಹಿಡಿದಷ್ಟು ಸಂಭ್ರಮ. ‘ಕಂಬಗಳು ಕಲ್ಲಿನವಲ್ಲ. ಕಟ್ಟಿಗೆಯ ಮೇಲೆ ಗಚ್ಚು ಮೆತ್ತಿ ಕಲ್ಲಿನಂತೆ ತೋರಿಸಿದ ನಕಲು. ವಿಶೇಷ ಬೆಲೆಯಿಲ್ಲ’ ಎಂದು ಬರೆದೆ. ಸಾಹೇಬರು ಓದದೆ ಸಹಿ ಹಾಕಿದರು.

ಆ ದಿನ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದಿದ್ದವರು ಇಮಾಮಸಾಬ ಮೇಸ್ತ್ರಿ. ಸುಣ್ಣ, ಮರಳು, ಬೆಲ್ಲದ ನೀರು ಅರೆದು ಗಚ್ಚು ಮಾಡುವ ಮನೆತನ. ಆ ಕಂಬಗಳನ್ನು ಮಾಡಿದವರು ಅವರ ಅಜ್ಜ. “ಬಾಯಾರ, ಕಲ್ಲ ಕಡಿಯೂದು ಸಸಾರ. ಕಲ್ಲಿನಂಗ ಮಾಡೂದು ತ್ರಾಸು,” ಅಂದಿದ್ದರು. ನಾನು ನಕ್ಕು, “ನಿಮ್ಮಜ್ಜ ಮಾಡಿದ್ದು ನಿಮಗ ಚಂದ ಕಾಣತೈತಿ ಬಿಡ್ರಿ,” ಅಂದಿದ್ದೆ.

ಸರ್ವೀಸಿನ ಮುಂದಿನ ವರ್ಷಗಳಲ್ಲಿ ಎಷ್ಟೋ ಹಳೆಯ ಕಟ್ಟಡಗಳಿಗೆ ಸಿಮೆಂಟು ಬಳಿಸಿದೆವು. ಅದು ಹತ್ತು ವರ್ಷಕ್ಕೆ ಹಕ್ಕಳೆಯಾಗಿ ಉದುರುವುದನ್ನೂ, ಪಕ್ಕದ ಗಚ್ಚು ಹಾಗೇ ಮಿರಿಮಿರಿ ಎನ್ನುವುದನ್ನೂ ಕಂಡೆ. ನಾನು ಬರೆದದ್ದು ತಪ್ಪು ಎಂದು ಒಳಗೊಳಗೇ ಗೊತ್ತಾಗಿತ್ತು. ಕಾಗದದ ತಪ್ಪು ಕಾಗದದಲ್ಲೇ ಇರಲಿ ಎಂದು ಸುಮ್ಮನಿದ್ದುಬಿಟ್ಟೆ. ಈಗ ಅದು ಫೈಲಿನಿಂದ ಎದ್ದು ಗುದ್ದಲಿ ಹಿಡಿದು ಹೊರಟಿತ್ತು.

“ವಕೀಲರ, ಆ ಮಾತು ತಪ್ಪೈತ್ರಿ. ನಾ ಬ್ಯಾರೆ ಬರದು ಕಳಸತೀನಿ,” ಅಂದೆ.

“ಹಂಗ ಮನಸ್ಸಿಗೆ ಬಂದಂಗ ಬದಲಿ ಮಾಡಾಕ ಬರಾಂಗಿಲ್ರೀ ಅಕ್ಕಾರ. ನಕಲಿ ಕಂಬಕ್ಕ ಬೆಲಿ ಐತಿ ಅಂತ ಜಗತ್ತಿನಾಗ ಯಾರರೆ ಹೇಳ್ಯಾರೇನು? ಅಂಥಾದ್ದೊಂದು ಕಾಗದ ಇದ್ರ ಕಳಸ್ರಿ, ಮೀಟಿಂಗ್‌ನಾಗ ಇಡತೀನಿ. ಇನ್ನ ಮೂರು ವಾರ ಐತಿ.”

ಮರುದಿನದಿಂದ ನಾನು ಪ್ಲೇನ್ಸ್‌ಬರೋದ ಲೈಬ್ರರಿಯಲ್ಲಿ ಕುಳಿತೆ. ಅರಮನೆಗಳ ಚಿತ್ರಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ನಾಲ್ಕನೆಯ ದಿನ ಒಂದು ಫೋಟೋ ಸಿಕ್ಕಿತು. ನ್ಯೂಯಾರ್ಕಿನ ಮೇಲ್ಗಡೆ ಹಡ್ಸನ್ ನದಿಯ ದಂಡೆಯಲ್ಲಿ ರೈಲ್ವೆ ಸಾಹುಕಾರನೊಬ್ಬ ಕಟ್ಟಿಸಿದ ಮನೆ. ಅದರೊಳಗಿನ ನೃತ್ಯಶಾಲೆ ಯುರೋಪಿನ ಬೊಹೀಮಿಯಾದ ಯಾವುದೋ ಕೌಂಟನ, ಅಂದರೆ ಜಹಗೀರದಾರನ, ಬರೋಕ್ ಶೈಲಿಯ ಅರಮನೆಯದು, ಬಿಚ್ಚಿ ಹಡಗಿನಲ್ಲಿ ತಂದು ಜೋಡಿಸಿದ್ದು ಎಂದಿತ್ತು. ‘ಅಮೃತಶಿಲೆಯ ಕಂಬಗಳು’ ಎಂದೂ ಬರೆದಿತ್ತು. ಭೂತಗನ್ನಡಿ ಇಸಿದುಕೊಂಡು ನೋಡಿದೆ. ಒಂದು ಕಂಬದ ಬುಡದಲ್ಲಿ ಚೂರು ಎದ್ದಿತ್ತು. ಒಳಗೆ ಕಂಡ ಬಿಳುಪು ಕಲ್ಲಿನದಲ್ಲ ಎಂದು ನನ್ನ ಕಣ್ಣು ಹೇಳಿತು. ಗಚ್ಚಿನ ಕಂಬವನ್ನು ಸಮುದ್ರ ದಾಟಿಸಿ ತಂದವರ ಹತ್ತಿರ ವಕೀಲರು ಕೇಳಿದ ಕಾಗದ ಇದ್ದೀತು.

ಟರ್ನ್‌ಪೈಕ್

“ಅಕ್ಕಾ, ಸ್ಯಾಟರ್ಡೇ ಒಂದು ದಿನ ಸಿಗತದ. ಔಟ್‌ಲೆಟ್ ಮಾಲ್‌ಗೆ ಹೋಗೋಣು. ಆ ಹಳೇ ಮನಿಯೊಳಗ ಏನೈತಿ?” ಅಂದ ಶಂಕರ.

“ನೀ ಬರದಿದ್ರ ನಾ ಬಸ್ಸಿಗೆ ಹೋಗತೀನಿ,” ಅಂದೆ. ಅಲ್ಲಿಗೆ ಬಸ್ಸಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕಾರಿನ ಕೀಲಿ ಎತ್ತಿಕೊಂಡ.

8A ಎಕ್ಸಿಟಿನಲ್ಲಿ ಟರ್ನ್‌ಪೈಕ್ ಹತ್ತಿದ ಕೂಡಲೆ ರಸ್ತೆ ಎರಡಾಗುತ್ತದೆ. ಒಂದು ಕಾರುಗಳಿಗೆ ಮಾತ್ರ, ಇನ್ನೊಂದು ಎಲ್ಲಕ್ಕೂ. ಶಂಕರ ನನ್ನ ಜೊತೆ ವಾದ ಮಾಡುತ್ತ ಟ್ರಕ್ಕುಗಳ ಕಡೆ ಹೊಕ್ಕ. ಎಡಕ್ಕೊಂದು ಬಲಕ್ಕೊಂದು ಗೋದಾಮು ಗಾತ್ರದ ಟ್ರಕ್ಕು, ನಡುವೆ ನಾವು. ಮುಂದೆ ಎಕ್ಸಿಟ್ ತಪ್ಪಿಸಿಕೊಂಡು ಯಾವುದೋ ಊರಿನ ಪೆಟ್ರೋಲ್ ಬಂಕಿನಲ್ಲಿ ದಾರಿ ಕೇಳಿದೆವು. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ, ಬಂಕಿನವನೇ ಹಾಕಬೇಕು. ಅದೊಂದು ನಮ್ಮೂರಿನ ಹಾಗೇ ಕಂಡು ನನಗೆ ಸಮಾಧಾನವಾಯಿತು. ಅವನು ಪಂಜಾಬಿ. ದಾರಿ ಹೇಳಿದ, ತಪ್ಪು ಹೇಳಿದ. ನಾದಿನಿ, ಅಂದರೆ ಶಂಕರನ ಹೆಂಡತಿ, ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ ಎಲ್ಲ ಕಾರಿನಲ್ಲೇ ಮುಗಿಯಿತು. ಹನ್ನೊಂದಕ್ಕೆ ತಲುಪಬೇಕಾದವರು ಎರಡಕ್ಕೆ ತಲುಪಿದೆವು.

ಹಡ್ಸನ್ ದಂಡೆ

ಮನೆ ಹೊರಗಿನಿಂದ ನನಗೇನೂ ಅನಿಸಲಿಲ್ಲ. ದುಡ್ಡಿದ್ದವರ ಕಲ್ಲುಮನೆ, ಎದುರಿಗೆ ನದಿ. ಒಳಗೆ ನಮ್ಮ ಗುಂಪಿಗೆ ಮನೆ ತೋರಿಸುವವರು ಡೊಲೊರೆಸ್ ಎಂಬ ಹೆಂಗಸು. ಎಪ್ಪತ್ತರ ಹತ್ತಿರ, ನಿವೃತ್ತ ಶಾಲಾ ಶಿಕ್ಷಕಿ, ಸಂಬಳವಿಲ್ಲದೆ ಸೇವೆ ಮಾಡುತ್ತಾರೆ. ನಡುವೆ ಯಾರಾದರೂ ಮಾತಾಡಿದರೆ ಗಪ್ಪನೆ ನಿಲ್ಲಿಸಿ, ಅವರ ಮುಖವನ್ನೇ ನೋಡುತ್ತಾರೆ. ನಾನೂ ಒಮ್ಮೆ ಸಿಕ್ಕಿಬಿದ್ದೆ.

ನೃತ್ಯಶಾಲೆಯ ಬಾಗಿಲಿಗೆ ಬಂದಾಗ ಮಾತ್ರ ನನ್ನ ಕತ್ತು ತಾನಾಗಿ ಮೇಲೆದ್ದಿತು. ಮೇಲೆ ಛಾವಣಿಯೇ ಇಲ್ಲವೇನೋ ಎನ್ನುವಂತೆ ಆಕಾಶ ಬರೆದಿದ್ದಾರೆ. ಮೋಡದ ಅಂಚಿನಲ್ಲಿ ಗುಂಡುಗುಂಡಾದ ಕೂಸುಗಳು ಕಾಲು ಇಳಿಬಿಟ್ಟು ಕೂತಿವೆ. ಕಾಲು ಗಚ್ಚಿನದು, ಮೈ ಬಣ್ಣದ್ದು. ಎಲ್ಲಿ ಗಚ್ಚು ಮುಗಿದು ಚಿತ್ರ ಶುರುವಾಯಿತೆಂದು ಹೇಳಲಿಕ್ಕೆ ಬರುವುದಿಲ್ಲ. ಗೋಡೆ ನೆಟ್ಟಗಿಲ್ಲ, ಒಳಗೊಮ್ಮೆ ಹೊರಗೊಮ್ಮೆ ಬಾಗುತ್ತದೆ. ಒಂದು ಬದಿಗೆ ಬಾಗಿಲುಗಳು, ಇನ್ನೊಂದು ಬದಿಗೆ ಸಮ ಕಾಣಲೆಂದು ಬರೆದ ಸುಳ್ಳು ಬಾಗಿಲುಗಳು. ನಮ್ಮ ವಾಡೆಗಳು ಬಂದವನನ್ನು ಹೊರಗೆ ನಿಲ್ಲಿಸಲು ಕಟ್ಟಿದವು: ಮಾರಗಲದ ಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು. ಇದು ಬಂದವನನ್ನು ಬೆರಗುಗೊಳಿಸಲು ಕಟ್ಟಿದ್ದು. ಆಗ ಯುದ್ಧ, ಪ್ಲೇಗುಗಳಿಂದ ಬೊಹೀಮಿಯಾ ಪ್ರಾಂತ್ಯ ಬಡವಾಗಿತ್ತಂತೆ. ಕೌಂಟನ ವಂಶ ಹೊಸದು, ರಾಜನ ಕೃಪೆಯಿಂದ ಮೇಲೆ ಬಂದದ್ದು. ಹಳಬರ ಮುಂದೆ ತಾನೂ ಹಳಬ ಎಂದು ಕಾಣಬೇಕಿತ್ತು. ಹಾಗಾಗಿ ಇಷ್ಟೆಲ್ಲ. ಕೊನೆಯ ಕೌಂಟನ ಕಾಲಕ್ಕೆ ಮಾಡು ಸೋರಲು ಹತ್ತಿ, ಕೋಣೆಯನ್ನೇ ಕಳಚಿ ಈ ರೈಲ್ವೆ ಸಾಹುಕಾರನಿಗೆ ಮಾರಿದನಂತೆ.

ಕೆಳಗೆ ಕಟ್ಟಿಗೆಯ ನೆಲ, ಮುಖ ಕಾಣುವಷ್ಟು ನುಣುಪು. ನಾನು ಯೋಚನೆಯೇ ಇಲ್ಲದೆ ಬೂಟು ಬಿಚ್ಚಿ ಬಾಗಿಲ ಬದಿಗೆ ಇಟ್ಟೆ.

“ಅಕ್ಕಾ, ಇದೇನು ಗುಡಿ ಅಲ್ಲ!” ಶಂಕರ ಹಲ್ಲು ಕಚ್ಚಿ ಪಿಸುಗುಟ್ಟಿದ.

ಡೊಲೊರೆಸ್ ನನ್ನ ಕಾಲುಚೀಲ ನೋಡಿದರು. “ಹದಿನಾಲ್ಕು ಅಮೃತಶಿಲೆಯ ಕಂಬಗಳು,” ಎಂದು ಮುಂದುವರಿಸಿದರು. ಪ್ರತಿ ಕಂಬದ ಪಕ್ಕ ‘ಮುಟ್ಟಬೇಡಿ’ ಎಂಬ ಪುಟ್ಟ ಫಲಕ. ಮುಟ್ಟಿದರೆ ಗೊತ್ತಾಗುತ್ತದೆ. ಕಲ್ಲು ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಗಚ್ಚು ಹಾಗಲ್ಲ. ಆದರೆ ಕೈ ಹಚ್ಚುವಂತಿಲ್ಲ. ನಾನು ಸರಕಾರಿ ಕೆಲಸದಲ್ಲಿ ಮುದುಕಿಯಾದವಳು. ಬರೆದ ನಿಯಮ ಮುರಿಯಲು ನನ್ನ ಕೈ ಏಳುವುದಿಲ್ಲ. ಹಾಗಾಗಿ ಕಂಬಗಳನ್ನು ಎಣಿಸಿದೆ, ಹೆಜ್ಜೆಯಿಂದ ಅಂತರ ಅಳೆದೆ, ಸುಮ್ಮನೆ ಸುತ್ತಿದೆ.

ಛಾವಣಿಯ ಮೂಲೆ ನೋಡಲೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಹಿಮ್ಮಡಿ ಕಂಬದ ಬುಡಕ್ಕೆ ತಾಗಿತು.

ಮುಂದೆ ಆದದ್ದು ನನ್ನ ಕೈಯಲ್ಲಿರಲಿಲ್ಲ. ಪುಸ್ತಕಕ್ಕೆ, ಕಾಳಿಗೆ, ಮನುಷ್ಯರಿಗೆ ಕಾಲು ತಾಗಿದರೆ ನಾವೇನು ಮಾಡುತ್ತೇವೋ ಅದೇ ಆಯಿತು. ಮನೆಯ ಕಂಬಕ್ಕೆ ಕುಂಕುಮ ಹಚ್ಚುವ ಜನ ನಾವು. ಗರಕ್ಕನೆ ತಿರುಗಿ, ಬಗ್ಗಿ, ಬಲಗೈಯಿಂದ ಕಂಬದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಭ್ಯಾಸದಂತೆ ಎರಡು ಸಲ.

“ಮ್ಯಾಡಮ್!”

ಡೊಲೊರೆಸರ ಧ್ವನಿಗೆ ಇಡೀ ಗುಂಪು ನನ್ನತ್ತ ತಿರುಗಿತು. ಶಂಕರ ಕಿಟಕಿಯ ಹೊರಗೆ ಹಡ್ಸನ್ ನದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಬೆರಳಿಗೆ ಸುದ್ದಿ ಮುಟ್ಟಿಯಾಗಿತ್ತು. ಕಂಬ ತಣ್ಣಗಿರಲಿಲ್ಲ.

ಗುಂಪು ಹೋದ ಮೇಲೆ ಡೊಲೊರೆಸ್ ನನ್ನನ್ನು ನಿಲ್ಲಿಸಿಕೊಂಡರು. ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ: ಕಾಲು ತಾಗಿತು, ಅದಕ್ಕೆ ಕ್ಷಮೆ ಕೇಳಿದೆ.

“ಅಂದರೆ ತಪ್ಪು ಮಾಡಿದ್ದು ಕಾಲು, ಕ್ಷಮೆ ಕೇಳಲು ಹೋಗಿ ಇನ್ನೊಂದು ತಪ್ಪು ಮಾಡಿದ್ದು ಕೈ,” ಅಂದರು. ಮುಖದಲ್ಲಿ ನಗು ಇರಲಿಲ್ಲ. “ಕಂಬಕ್ಕೂ ಕ್ಷಮೆ ಕೇಳುತ್ತೀರಾ?”

“ಯಾರೋ ಕೈಯಿಂದ ಮಾಡಿದ್ದಲ್ಲವೇ? ಇದು ಅಮೃತಶಿಲೆಯಲ್ಲ,” ಅಂದೆ. “ಇನ್ನೊಂದು ಮಾತು. ಎರಡು ಕಂಬ ಕಡಿಮೆ ಇವೆ. ಈ ಮೂಲೆಯಲ್ಲಿ ಅಂತರ ತಪ್ಪಿದೆ. ಹದಿನಾರು ಇರಬೇಕಿತ್ತು.”

ಈ ಸಲ ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. “ಬೂಟು ಹಾಕಿಕೊಳ್ಳಿ. ಕೆಳಗೆ ನೆಲ ಒರಟು,” ಅಂದರು.

ನೆಲಮಾಳಿಗೆ

ಸಾಹುಕಾರನ ಮನೆಯಲ್ಲಿ ಸಿಕ್ಕ ಜಾಗ ಕೌಂಟನ ಕೋಣೆಗಿಂತ ಚಿಕ್ಕದಾಗಿ ಎರಡು ಕಂಬ ಉಳಿದುಬಿಟ್ಟವಂತೆ. ಅವು ನೆಲಮಾಳಿಗೆಯಲ್ಲಿ ಹಲಗೆಗಳ ಮೇಲೆ ಮಲಗಿದ್ದವು. ಒಂದನ್ನು ಗರಗಸದಿಂದ ಅಡ್ಡ ಕೊಯ್ದಿದ್ದರು. ನಾನು ಮೊಣಕಾಲೂರಿ ಕೂತು ನೋಡಿದೆ. ನಡುವೆ ಕಟ್ಟಿಗೆ, ಅದಕ್ಕೆ ಸುತ್ತಿದ ಜೊಂಡು, ಮೇಲೆ ಒರಟು ಗಚ್ಚು, ಅದರ ಮೇಲೆ ಬೆರಳು ದಪ್ಪದ ಕೆಂಪು ಪದರ. ನಮ್ಮದು ಸುಣ್ಣ, ಅವರದು ಜಿಪ್ಸಂ ಮತ್ತು ಗೋಂದು. ಅಷ್ಟೇ ವ್ಯತ್ಯಾಸ. ಬಿಳಿಯ ನರಗಳನ್ನು ಮೇಲಿನಿಂದ ಬರೆದಿರಲಿಲ್ಲ. ರೇಷ್ಮೆ ಎಳೆಯನ್ನು ಬಣ್ಣದಲ್ಲಿ ಅದ್ದಿ, ಹಸಿಯ ಮುದ್ದೆಯೊಳಗಿಂದ ಎಳೆಯುತ್ತಿದ್ದರಂತೆ. ನರ ಒಳಗಿನವರೆಗೂ ಇಳಿದಿತ್ತು. ಇಮಾಮಸಾಬರ ಅಜ್ಜ ಏನು ಬಳಸಿದ್ದರೋ, ನಾನು ಕೇಳಿರಲೇ ಇಲ್ಲ.

ಡೊಲೊರೆಸ್ ಹೇಳಿದರು: ಕೌಂಟನಿಗೆ ಕಲ್ಲು ಸಿಗದೆ ಇರಲಿಲ್ಲ. ಅವನಿಗೆ ಬೇಕಾದ ಕೆಂಪು ಯಾವ ಬೆಟ್ಟದಲ್ಲೂ ಇರಲಿಲ್ಲ. ಇಟಲಿಯ ಸರೋವರಗಳ ಕಡೆಯಿಂದ ಗಚ್ಚಿನ ಕೆಲಸದವರು ವಸಂತದಲ್ಲಿ ಪರ್ವತ ದಾಟಿ ಬರುತ್ತಿದ್ದರು, ಹಿಮ ಬೀಳುವ ಮೊದಲು ಮರಳುತ್ತಿದ್ದರು. ಒಂದೊಂದು ಕಂಬವನ್ನೂ ಹತ್ತಾರು ಸಲ ಉಜ್ಜಿ, ಮೆತ್ತಿ, ಎಣ್ಣೆ ಹಾಕಿ ಮೆರುಗು ಕೊಡಬೇಕು. ಆ ಕಾಲದಲ್ಲಿ ಇದು ಎಷ್ಟೋ ಕಡೆ ನಿಜವಾದ ಕಲ್ಲಿಗಿಂತ ದುಬಾರಿಯ ಕೆಲಸವಾಗಿತ್ತು.

ಕಲ್ಲ ಕಡಿಯೂದು ಸಸಾರ, ಕಲ್ಲಿನಂಗ ಮಾಡೂದು ತ್ರಾಸು. ಟೇಪು ಹಿಡಿದು ನಿಂತ ಮನುಷ್ಯ ಮೂವತ್ತು ವರ್ಷದ ಹಿಂದೆ ನನಗೆ ಕನ್ನಡದಲ್ಲೇ ಹೇಳಿದ್ದ ಮಾತು. ನನಗೆ ಅಳು ಬಂತು. ಡೊಲೊರೆಸ್ ಕಾಗದದ ಕರವಸ್ತ್ರ ಕೊಟ್ಟರು. ಯಾಕೆ ಅಳು ಎಂದು ಕೇಳಿದ್ದಕ್ಕೆ ವಾಡೆಯ ಕತೆಯೆಲ್ಲ ಹೇಳಿದೆ.

“ಹಾಗಾದರೆ ಮೇಲೆ ಅಮೃತಶಿಲೆ ಅಂತ ಯಾಕೆ ಹೇಳುತ್ತೀರಿ?” ಎಂದೆ.

“ಮನೆಯ ಯಜಮಾನ ಅತಿಥಿಗಳಿಗೆ ಹಾಗೇ ಹೇಳುತ್ತಿದ್ದ. ನಮ್ಮ ಆಡಳಿತದವರಿಗೆ ಬದಲಾಯಿಸಲು ನಾಚಿಕೆ.”

ನಾಚಿಕೆ ಎಲ್ಲಾ ಕಡೆ ಒಂದೇ ನಮೂನೆಯದು ಎಂದುಕೊಂಡೆ. ಕಂಬಗಳನ್ನು ರಿಪೇರಿ ಮಾಡಿದ ತಜ್ಞರ ಟಿಪ್ಪಣಿ ಆಫೀಸಿನಲ್ಲಿತ್ತು. ಅದರಲ್ಲಿ ಇದೆಲ್ಲವೂ ಇತ್ತು. ಆದರೆ ನಿರ್ದೇಶಕರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ, ಅವರು ಬರುವುದು ಸೋಮವಾರ.

“ಸೋಮವಾರ ಬರ್ತೀನಿ,” ಅಂದೆ.

“ಅಕ್ಕಾ, ಮಂಡೇ ನನಗ ಆಡಿಟ್ ಐತಿ!” ಶಂಕರ ಕೈ ಮುಗಿಯುವುದೊಂದು ಬಾಕಿ.

“ನಿನ್ನ ಯಾರ ಕರದ್ರು?”

ಸೋಮವಾರ, ರೈಲು

ಶಂಕರ ಚೀಟಿ ಬರೆದುಕೊಟ್ಟ: ಪ್ರಿನ್ಸ್‌ಟನ್ ಜಂಕ್ಷನ್ನಿನಿಂದ ನ್ಯೂಯಾರ್ಕ್, ಅಲ್ಲಿಂದ ಹಡ್ಸನ್ ದಂಡೆಯ ರೈಲು. ಎರಡೂ ಒಂದೇ ಸ್ಟೇಷನ್ನಿನಿಂದ ಹೊರಡುವುದಿಲ್ಲ ಎಂದು ಬರೆಯಲು ಮರೆತಿದ್ದ. ಪೆನ್ ಸ್ಟೇಷನ್ನಿನಲ್ಲಿ ಇಳಿದು ಅರ್ಧ ಗಂಟೆ ಇಲ್ಲದ ರೈಲನ್ನು ಹುಡುಕಿದೆ. ಕೊನೆಗೆ ಜಾಡಮಾಲಿಯೊಬ್ಬರು ಕೈಹಿಡಿದು ಬೀದಿಗೆ ತಂದು, “ಗ್ರ್ಯಾಂಡ್ ಸೆಂಟ್ರಲ್, ಆ ಕಡೆ, ನಡೆಯುತ್ತಾ ಹೋಗಿ,” ಎಂದು ತೋರಿಸಿದರು. ಸೀರೆ, ಬಿಳಿ ಬೂಟು, ಬಗಲಲ್ಲಿ ಚೀಲ. ಆ ಊರಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎನ್ನುತ್ತಾರೆ. ಸುಳ್ಳು. ದಾರಿ ಕೇಳಿದ ಆರು ಜನರಲ್ಲಿ ಐವರು ನಿಂತು ಹೇಳಿದರು, ಒಬ್ಬಾಕೆ ಒಂದು ಸಿಗ್ನಲ್‌ವರೆಗೆ ಜೊತೆಗೇ ಬಂದಳು.

ನಿರ್ದೇಶಕ ಚಿಕ್ಕ ವಯಸ್ಸಿನವನು, ಟೈ ಕಟ್ಟಿಕೊಂಡವನು. ನಮ್ಮ ದಾಖಲೆ ಹೊರಗೆ ಕೊಡುವುದಿಲ್ಲ ಎಂದ. ಸರಿ ಎಂದು ಅವನ ಆಫೀಸಿನ ಎದುರಿನ ಬೆಂಚಿನಲ್ಲಿ ಕೂತೆ. ಇಪ್ಪತ್ತೊಂಬತ್ತು ವರ್ಷ ಸರಕಾರಿ ನೌಕರಿ ಮಾಡಿದವಳಿಗೆ ಬೆಂಚಿನ ಮೇಲೆ ಕೂತವರು ಏನು ಮಾಡಬಲ್ಲರು ಎಂದು ಚೆನ್ನಾಗಿ ಗೊತ್ತು. ಸುಮ್ಮನೆ ಕೂರಲಾರದೆ ಚೀಲದಿಂದ ಹಾಳೆ ತೆಗೆದು ನಮ್ಮ ದರಬಾರ ಹಾಲಿನ ನಕಾಶೆ ನೆನಪಿನಿಂದ ಬರೆಯತೊಡಗಿದೆ. ಎಂಟು ಕಂಬ, ಅಂತರ, ಬೋದಿಗೆ, ತೊಲೆ. ಎರಡು ಸಲ ಅವನು ಬಾಗಿಲು ತೆರೆದು ನೋಡಿ ಮುಚ್ಚಿದ. ಮೂರನೆಯ ಸಲ ಬಂದು ಪಕ್ಕದಲ್ಲಿ ಕೂತ. ಡೊಲೊರೆಸ್ ಹಿಂದೆಯೇ ನಿಂತಿದ್ದರು, ಶಾಲೆಯ ಮುಖ ಮಾಡಿಕೊಂಡು.

“ಈ ಹಾಲು ಇನ್ನೂ ಇದೆಯಾ?” ಎಂದು ಕೇಳಿದ.

“ಇನ್ನು ಹದಿನೈದು ದಿನ ಇದೆ. ಆಮೇಲಿನದು ನಿಮ್ಮ ಕೈಯಲ್ಲಿದೆ,” ಎಂದೆ.

ಟಿಪ್ಪಣಿಯ ನಾಲ್ಕು ಪುಟ ಕಾಪಿ ಮಾಡಿಸಿ, ಸಹಿ ಹಾಕಿ, ಮುದ್ರೆ ಒತ್ತಿಕೊಟ್ಟ. ಹೊರಡುವಾಗ ನೃತ್ಯಶಾಲೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಡೊಲೊರೆಸ್ ಹೊಸ ಗುಂಪಿಗೆ ಹೇಳುತ್ತಿದ್ದರು, “ಹದಿನಾಲ್ಕು ಕಂಬಗಳು, ಅಮೃತಶಿಲೆಯವಲ್ಲ.”

ಮಾನ್ಮತ್ ಜಂಕ್ಷನ್

ಶಂಕರನ ಮನೆಗೆ ಹತ್ತಿರದ ಮಾನ್ಮತ್ ಜಂಕ್ಷನ್ನಿನ ಒಂದು ಅಂಗಡಿಯಿಂದ ಆ ನಾಲ್ಕು ಪುಟವನ್ನೂ ನಾನು ಬರೆದದ್ದನ್ನೂ ಫ್ಯಾಕ್ಸ್ ಕಳಿಸಿದೆವು. ನನ್ನ ಹೊಸ ವರದಿಯ ಮೊದಲ ಸಾಲು, ‘ಮೂವತ್ತು ವರ್ಷದ ಹಿಂದೆ ನಾನು ಬರೆದದ್ದು ತಪ್ಪು.’ ಶಂಕರ ಅದನ್ನು ಓದಿ, “ಅಕ್ಕಾ, ಇಷ್ಟು ಡೈರೆಕ್ಟ್ ಬೇಕೇನು?” ಅಂದ. ಬೇಕು ಅಂದೆ. ಅವನು ಹಾಳೆಯನ್ನು ತಾನೇ ಮಷೀನಿಗೆ ಸೇರಿಸಿದ.

ಮೂರು ದಿನಕ್ಕೆ ಪಾಟೀಲ ವಕೀಲರ ಫೋನ್. “ಅಕ್ಕಾರ, ಈಗ ನಿಮ್ಮವು ಎರಡು ರಿಪೋರ್ಟ್ ಆದ್ವು. ಮೀಟಿಂಗ್‌ನಾಗ ಮಂದಿ ಕೇಳತಾರ, ಯಾವುದು ಖರೆ? ಕಾಗದ ಎರಡೂ ನಿಮ್ಮವ.”

ಮಾತಿನಲ್ಲಿ ಕುಹಕವಿರಲಿಲ್ಲ. ನ್ಯಾಯವಾದ ಪ್ರಶ್ನೆಯೇ.

“ಹಂಗಾದ್ರ ನಾನ ಬರತೀನ್ರಿ,” ಅಂದೆ. “ಹಳೇದು ತಪ್ಪು ಅಂತ ಮಂದಿ ಮುಂದ ನನ್ನ ಬಾಯಿಂದನ ಹೇಳತೀನಿ.”

ಇನ್ನೂ ತಿಂಗಳಿತ್ತು ನನ್ನ ಟಿಕೆಟ್ಟಿಗೆ. ನಾದಿನಿ ನಯಾಗರಾಕ್ಕೆ ಹೋಟೆಲ್ ಬುಕ್ ಮಾಡಿದ್ದಳು. “ನಯಾಗರಾ ಎಲ್ಲಿ ಹೋಗತದವಾ, ಅದನ್ನೇನು ಕೆಡವತಾರೇನು?” ಎಂದು ಹೇಳಿ ಟಿಕೆಟ್ ಬದಲಿಸಿಕೊಂಡೆ.

ಊರು

ಸಭೆ ಅದೇ ದರಬಾರ ಹಾಲಿನಲ್ಲಿ, ಜಮಖಾನೆಯ ಮೇಲೆ. ನಾನು ಎದ್ದು ನಿಂತೆ. ಹಳೆಯ ವರದಿಯ ಸಾಲು ಓದಿದೆ. ಬರೆದವಳು ನಾನೇ, ಸೊಕ್ಕಿನಿಂದ ಬರೆದೆ, ಗೊತ್ತಿಲ್ಲದೆ ಬರೆದೆ ಎಂದೆ. ಅಮೆರಿಕದ ಮುದ್ರೆಯ ಕಾಗದ ಕೈಯಿಂದ ಕೈಗೆ ಹೋಯಿತು. ಕೌಂಟನ ಕತೆ, ಕಲ್ಲಿಗಿಂತ ದುಬಾರಿಯಾದ ಗಚ್ಚು, ಎಲ್ಲ ಹೇಳಿದೆ. ಅರಮನೆ ಎಂದ ಕೂಡಲೆ ಎಲ್ಲರ ಬೆನ್ನು ನೆಟ್ಟಗಾಯಿತು. ಎರಡು ತಾಸು ಜಗ್ಗಾಡಿ, ಹಾಲು ಕೆಡವುವುದು ಬೇಡ, ಮಾಡು ಮಾತ್ರ ರಿಪೇರಿ ಎಂದು ಪಾಟೀಲರು ಠರಾವು ಬರೆದುಕೊಂಡರು.

ಜನ ಎದ್ದು ಹೋದ ಮೇಲೆ ಇಮಾಮಸಾಬರು ಉಳಿದರು. ಎಪ್ಪತ್ತೈದು ದಾಟಿದೆ, ಕಣ್ಣು ಮಬ್ಬು. ಗೋಡೆಗೆ ಆತು ಕೂತು ಇಡೀ ಸಭೆ ಕೇಳಿದ್ದರು. ನಾನು ಹೋಗಿ ಅವರ ಮುಂದೆ ಕುಳಿತು, “ಮೇಸ್ತ್ರಿಗಳ, ತಪ್ಪಾತ್ರಿ,” ಎಂದೆ.

“ಇರಲಿ ಬಿಡ್ರಿ ಬಾಯಾರ. ಕಂಬ ಉಳದ್ವಲ್ಲ.” ಕೈ ಚಾಚಿ ಪಕ್ಕದ ಕಂಬವನ್ನು ಸವರಿದರು. ಆಮೇಲೆ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು:

“ಅಷ್ಟು ದೂರ ಯಾಕ ಹೋಗಬೇಕಾಗಿತ್ರಿ? ನಾ ಇಲ್ಲೇ ಹೇಳಿದ್ನಲ್ಲ.”